ಕಾಡಿಗೆ ಹೋಗಬೇಡಿ ಅನ್ನುವ ಸಾಹಿತ್ಯ

ಪ್ರತಿ ವರ್ಷ ಡಿಸೆಂಬರ್ ಬಂತೆಂದರೆ ನಮ್ಮೂರ ಪಂಚಾಯ್ತಿ ಗೋಡೆಗೆ ಒಂದು ಕಾಗದ ಅಂಟುತ್ತದೆ. ಮೇಲೆ ಮಂಗನ ಚಿತ್ರ, ಕೆಳಗೆ ಉಣುಗಿನ ಚಿತ್ರ. ಅದರ ಕೆಳಗೆ ಉಪದೇಶ. ಕಾಡಿಗೆ ಹೋಗಬೇಡಿ. ಹೋಗಲೇಬೇಕಾದರೆ ಮೈ ತುಂಬ ಬಟ್ಟೆ ತೊಟ್ಟು ಎಣ್ಣೆ ಹಚ್ಚಿಕೊಳ್ಳಿ. ಬಂದ ಮೇಲೆ ಬಿಸಿನೀರಲ್ಲಿ ಮೀಯಿರಿ. ಮಂಗ ಸತ್ತದ್ದು ಕಂಡರೆ ತಿಳಿಸಿ.

ನಾನು ಕನ್ನಡ ಎಂ.ಎ. ಮಾಡಿದವನು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ತಲೆ. ಓದಿದ ತಪ್ಪಿಗೆ ಒಂದು ಚಟ ಅಂಟಿಕೊಂಡಿದೆ. ಯಾವ ಬರಹ ಕಂಡರೂ ಇದನ್ನು ಬರೆದವರು ಯಾರು, ಯಾರಿಗೆ ಬರೆದರು, ಬರೆಯದೆ ಬಿಟ್ಟದ್ದು ಏನು ಅಂತ ಕೇಳುವ ಚಟ. ಕಥೆ ಕವನಗಳಿಗೆ ಕೇಳುವ ಈ ಪ್ರಶ್ನೆಗಳನ್ನು ಪಂಚಾಯ್ತಿ ಗೋಡೆಗೂ ಕೇಳಬೇಕು ಅನ್ನಿಸಿದೆ. ಯಾಕಂದ್ರೆ ನಮ್ಮ ಕೇರಿಯ ಬದುಕಿನ ಬಗ್ಗೆ ಕನ್ನಡದಲ್ಲಿ ವರ್ಷ ತಪ್ಪದೆ ಪ್ರಕಟವಾಗುವ ಸಾಹಿತ್ಯ ಇದೊಂದೇ.

ಮೊದಲು ಆ ಕ್ರಿಯಾಪದ ನೋಡಿ. ‘ಹೋಗಬೇಡಿ.’ ಬಹುವಚನ, ಮರ್ಯಾದೆಯೂ ಇದೆ. ಆದರೆ ಇದು ಯಾರಿಗೆ ಹೇಳಿದ ಮಾತು? ಕಾಡಿಗೆ ವಾಯುವಿಹಾರಕ್ಕೆ ಹೋಗುವವರಿಗೋ? ನಮ್ಮ ಕಡೆ ಜನವರಿ ಫೆಬ್ರವರಿ ಅಂದರೆ ದರಗು ಗುಡಿಸುವ ಕಾಲ. ಉದುರಿದ ಒಣ ಎಲೆಯನ್ನು ಗುಡಿಸಿ, ಕಲ್ಲಿಯಲ್ಲಿ ತುಂಬಿ, ತಲೆ ಮೇಲೆ ಹೊತ್ತು ಅಡಿಕೆ ತೋಟದವರ ಕೊಟ್ಟಿಗೆಗೆ ಹಾಕಬೇಕು. ಅಲ್ಲಿ ಅದು ದನದ ಕಾಲಡಿ ಬಿದ್ದು ಗೊಬ್ಬರವಾಗಿ ತೋಟಕ್ಕೆ ಹೋಗುತ್ತದೆ. ಸೊಪ್ಪಿನ ಬೆಟ್ಟದ ಹಕ್ಕು ತೋಟದವರದ್ದು. ಅದೇ ಬೆಟ್ಟದ ಉಣುಗು ಮಾತ್ರ ನಮ್ಮವರ ಪಾಲು. ಆ ಉಣುಗಿನ ಮರಿ ಎಲೆಯ ನಡುವೆ ಕೂತು ರಕ್ತಕ್ಕೆ ಕಾಯುವುದೂ ಇದೇ ತಿಂಗಳುಗಳಲ್ಲಿ. ಸಾಸಿವೆ ಕಾಳಿಗಿಂತ ಸಣ್ಣದು, ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಆದ್ದರಿಂದ ‘ಕಾಡಿಗೆ ಹೋಗಬೇಡಿ’ ಅನ್ನುವುದನ್ನು ನಮ್ಮ ಕೇರಿಯ ಭಾಷೆಯಲ್ಲಿ ಓದಿದರೆ ‘ಕೂಲಿಗೆ ಹೋಗಬೇಡಿ’ ಅಂತ ಆಗುತ್ತದೆ. ಕೂಲಿಗೆ ಕಳಿಸುವವರಿಗೆ ಆ ಕಾಗದದಲ್ಲಿ ಒಂದೇ ಒಂದು ಮಾತಿಲ್ಲ. ‘ನಿಮ್ಮ ಆಳುಗಳಿಗೆ ಎಣ್ಣೆ ಕೊಡಿ, ಲಸಿಕೆ ಹಾಕಿಸಿ, ಜ್ವರ ಬಂದ ದಿನದ ಕೂಲಿ ಕೊಡಿ’ ಅಂತ ಒಂದು ಸಾಲು ಬರೆಯಲು ಜಾಗ ಇರಲಿಲ್ಲವೇ? ಮಂಗನ ಚಿತ್ರವನ್ನು ಸ್ವಲ್ಪ ಚಿಕ್ಕದು ಮಾಡಿದ್ದರೆ ಸಾಕಿತ್ತು.

ಇನ್ನು ಹೆಸರು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಉದುರಿ ಬಿದ್ದವು. ಸುತ್ತಲ ಹಳ್ಳಿಗಳ ಜನ ಜ್ವರದಲ್ಲಿ ಮಲಗಿದರು. ಮಂಗ ಸತ್ತದ್ದು ಕಂಡು ಇದು ಆಫ್ರಿಕಾ, ಅಮೆರಿಕಾದ ಹಳದಿ ಜ್ವರವೇ ಇರಬೇಕೆಂದು ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಓಡಿ ಬಂದರು. ಅದಲ್ಲ, ಇದು ಉಣುಗಿನಿಂದ ಬರುವ ಹೊಸ ವೈರಸ್ಸು, ರಷ್ಯಾದ ಕಾಡುಗಳಲ್ಲಿರುವ ಒಂದು ಮೆದುಳು ಜ್ವರಕ್ಕೆ ದಾಯಾದಿ ಅಂತ ಕಂಡುಹಿಡಿದರು. ವಿಜ್ಞಾನದ ಪುಸ್ತಕ ಅದಕ್ಕೆ ಕಾಡಿನ ಹೆಸರಿಟ್ಟಿತು, ಜನ ಮಂಗನ ಹೆಸರಿಟ್ಟರು. ಹಾಗೆ ನೋಡಿದರೆ ಮಂಗ ನಮ್ಮ ಹಾಗೆಯೇ ಕಚ್ಚಿಸಿಕೊಂಡು ಸಾಯುವ ಪ್ರಾಣಿ. ಅದು ಸತ್ತು ಬಿದ್ದಾಗ ಮೈಮೇಲಿನ ಉಣುಗು ಕೆಳಗಿಳಿದು ಆ ಜಾಗವೆಲ್ಲ ವಿಷವಾಗುತ್ತದೆ, ಅಷ್ಟೇ. ಕಾಡು ಕಡಿದವರ ಹೆಸರು ಮಾತ್ರ ಈ ರೋಗಕ್ಕೆ ಯಾರೂ ಇಡಲಿಲ್ಲ. 1982-83ರಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಗೇರು ನೆಡಲು ಕಾಡು ಬೋಳಿಸಿದ ಮೇಲೆ ಸಾವಿರಕ್ಕೂ ಹೆಚ್ಚು ಮಂದಿ ಈ ಜ್ವರಕ್ಕೆ ಸಿಕ್ಕಿದರು. ಅದನ್ನು ಗೇರು ತೋಪಿನ ಕಾಯಿಲೆ ಅಂತ ಕರೆದಿದ್ದರೆ ನಮ್ಮ ತಿಳಿವಳಿಕೆ ಬೇರೆಯೇ ಆಗುತ್ತಿತ್ತು.

ಈ ರೋಗದ ಒಂದು ಗುಣ ನನ್ನನ್ನು ಬಹಳ ದಿನ ಕಾಡಿದೆ. ಇದು ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ. ನಮ್ಮ ಮೈಗೆ ಬಂದು ನಮ್ಮಲ್ಲೇ ಮುಗಿಯುತ್ತದೆ. ವೈದ್ಯರ ದೃಷ್ಟಿಯಲ್ಲಿ ಇದು ಒಳ್ಳೆಯ ಸುದ್ದಿ. ರಾಜಕೀಯದ ದೃಷ್ಟಿಯಲ್ಲಿ ಇದೇ ನಮ್ಮ ದುರಂತ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಇಕ್ಕಟ್ಟಿನ ಪೇಟೆ ಬಿಟ್ಟು ಗಾಳಿ ಬೆಳಕಿನಲ್ಲಿ ಇರಲೆಂದು ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಹುಟ್ಟಿದವು. ಪ್ಲೇಗಿನ ಇಲಿಗೆ ಜಾತಿ ಗೊತ್ತಿರಲಿಲ್ಲ, ಅದು ದೊಡ್ಡ ಮನೆಗಳ ಪಡಸಾಲೆಗೂ ನುಗ್ಗುತ್ತಿತ್ತು. ನಮ್ಮ ಉಣುಗು ಹಾಗಲ್ಲ. ಅದು ಕಾಡು ಬಿಟ್ಟು ಬಸ್ಸು ಹತ್ತಿ ರಾಜಧಾನಿಗೆ ಹೋಗುವುದಿಲ್ಲ. ವಿಧಾನಸೌಧಕ್ಕೆ ಹತ್ತದ ರೋಗಕ್ಕೆ ದುಡ್ಡು ಎಲ್ಲಿಂದ ಬರಬೇಕು?

ಆದರೂ ಲಸಿಕೆ ಬಂತು ಅನ್ನುವುದನ್ನು ಪ್ರಾಮಾಣಿಕವಾಗಿ ಹೇಳಬೇಕು. ಮೊದಲು ಆ ರಷ್ಯದ ಜ್ವರದ ಲಸಿಕೆಯನ್ನೇ ನಮ್ಮವರಿಗೆ ಹಾಕಿ ನೋಡಿದರು, ನಡೆಯಲಿಲ್ಲ. 1960ರ ದಶಕದಲ್ಲಿ ಪುಣೆಯವರು ಕೋಳಿ ಮೊಟ್ಟೆಯ ಭ್ರೂಣದ ಜೀವಕೋಶದಲ್ಲಿ ವೈರಸ್ಸು ಬೆಳೆಸಿ, ಫಾರ್ಮಲಿನ್‌ನಲ್ಲಿ ಕೊಂದು ಲಸಿಕೆ ತಯಾರಿಸಿದರು. ಮುಂದೆ ಅದು ನಮ್ಮ ರಾಜ್ಯದಲ್ಲೇ ತಯಾರಾಯಿತು. ತಿಂಗಳ ಅಂತರದಲ್ಲಿ ಎರಡು ಸೂಜಿ, ಆರರಿಂದ ಒಂಬತ್ತು ತಿಂಗಳಿಗೆ ಬೂಸ್ಟರ್, ಆಮೇಲೆ ವರ್ಷ ವರ್ಷವೂ ಮತ್ತೊಂದು. 2005ರಿಂದ 2010ರ ವರೆಗಿನ ಲೆಕ್ಕ ತೆಗೆದು 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಎರಡು ಸೂಜಿಯ ರಕ್ಷಣೆ ಶೇಕಡಾ 62.4. ಬೂಸ್ಟರ್ ಸೇರಿದರೆ 82.9. ಈ ಎರಡು ಅಂಕಿಗಳ ನಡುವಿನ ಇಪ್ಪತ್ತು ಇದೆಯಲ್ಲ, ಅದನ್ನು ಸ್ವಲ್ಪ ನಿಂತು ಓದಬೇಕು. ಅದು ವೈರಸ್ಸಿನ ಶಕ್ತಿಯೂ ಅಲ್ಲ, ಔಷಧದ ದೋಷವೂ ಅಲ್ಲ. ಮೂರನೆಯ ಸಲ ಯಾರಾದರೂ ನಮ್ಮ ಕೇರಿಗೆ ಬಂದರೋ ಇಲ್ಲವೋ ಅನ್ನುವುದರ ಲೆಕ್ಕ ಅದು.

ನಮ್ಮ ಚಿಕ್ಕವ್ವನಿಗೆ ಎರಡು ಸೂಜಿ ಬಿದ್ದಿದ್ದವು. ಬೂಸ್ಟರ್ ಬರಲಿಲ್ಲ. ಬಂದ ದಿನವೂ ಬೆಳಗ್ಗೆ ಹನ್ನೊಂದಕ್ಕೆ ಬಂದು ಶಾಲೆಯ ಜಗಲಿಯಲ್ಲಿ ಕೂತಿದ್ದು, ಒಂದು ಗಂಟೆಗೆ ಹೊರಟರು. ಹನ್ನೊಂದಕ್ಕೆ ನಮ್ಮ ಕೇರಿಯಲ್ಲಿ ಇರುವವರು ಯಾರು? ತೊಟ್ಟಿಲ ಮಕ್ಕಳು, ಕಣ್ಣು ಕಾಣದ ಮುದುಕರು, ನಾಯಿಗಳು. ಪುಸ್ತಕದಲ್ಲಿ ‘ಜನರ ನಿರಾಸಕ್ತಿ’ ಅಂತ ಬರೆದುಕೊಂಡಿರಬೇಕು. ಮುಂದಿನ ಫೆಬ್ರವರಿಯಲ್ಲಿ ಚಿಕ್ಕವ್ವನಿಗೆ ಜ್ವರ ಬಂತು. ಸೊಂಟ ಮುರಿದ ಹಾಗೆ ನೋವು, ಕಣ್ಣು ಕೆಂಡ, ಒಸಡಲ್ಲಿ ರಕ್ತ. ಎಂಟು ದಿನಕ್ಕೆ ಬಿಟ್ಟಿತು ಅಂದುಕೊಂಡೆವು. ಎರಡು ವಾರ ಕಳೆದು ಮತ್ತೆ ಬಂದಾಗ ತಲೆಗೆ ಏರಿತ್ತು. ಬದುಕಿದಳು. ಈ ಜ್ವರ ಬಂದ ನೂರು ಜನರಲ್ಲಿ ಮೂರರಿಂದ ಐದು ಮಂದಿ ಸಾಯುತ್ತಾರೆ ಅಂತ ಪುಸ್ತಕ ಹೇಳುತ್ತದೆ. ಬದುಕಿದ ತೊಂಬತ್ತೈದು ಮಂದಿಯ ಕೈ ಎಷ್ಟು ತಿಂಗಳು ನಡುಗುತ್ತದೆ, ನಡುಗುವ ಕೈಗೆ ಕೂಲಿ ಕೊಡುವವರು ಯಾರು ಅನ್ನುವುದಕ್ಕೆ ಆ ಕೋಷ್ಟಕದಲ್ಲಿ ಕಾಲಂ ಇಲ್ಲ.

2018ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಮಂಗ ಸಾಯಲು ಶುರುವಾಗಿ, 2019ರಲ್ಲಿ ಮನುಷ್ಯರು ಸತ್ತರು. ನಾಡಿಗೆಲ್ಲ ಕರೆಂಟು ಕೊಟ್ಟ ಶರಾವತಿಯ ಸೀಮೆ ಅದು. ಆಗ ಮಂತ್ರಿಗಳು ಬಂದರು, ಕ್ಯಾಮೆರಾ ಬಂದವು. 2022ರಲ್ಲಿ ಹಳೆಯ ಲಸಿಕೆಗೆ ಕಸುವು ಸಾಲದು ಅಂತ ಅದನ್ನು ನಿಲ್ಲಿಸಿದರು. ಕಸುವಿಲ್ಲದ್ದನ್ನು ನಿಲ್ಲಿಸಿದ್ದು ಸರಿಯೇ. ಆದರೆ ಇದರ ಕಸುವು ಇಳಿಯುತ್ತಿದೆ ಅಂತ ಗೊತ್ತಾಗಿ ಎಷ್ಟು ವರ್ಷವಾಗಿತ್ತು? ಇನ್ನೊಂದನ್ನು ಸಿದ್ಧ ಮಾಡದೆ ಇದ್ದದ್ದನ್ನು ನಿಲ್ಲಿಸಿದರೆ ನಮ್ಮ ಕೈಗೆ ಉಳಿದದ್ದು ಏನು? ಎಣ್ಣೆ ಬಾಟಲಿ ಮತ್ತು ಗೋಡೆಯ ಕಾಗದ. 2024ರ ಬೇಸಿಗೆಯಲ್ಲಿ ಮತ್ತೆ ಸಾವುಗಳಾದವು. ಐಸಿಎಂಆರ್‌ನವರು ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ಜೊತೆ ಸೇರಿ ಹೊಸ ಲಸಿಕೆಯ ಕೆಲಸಕ್ಕೆ ಕೈಹಾಕಿದ ಸುದ್ದಿ ಬಂದದ್ದು ಇದರ ಹೊತ್ತಿಗೆ, ರೋಗ ಕಂಡು ಅರವತ್ತೈದು ವರ್ಷ ದಾಟಿದ ಮೇಲೆ.

ವಿಜ್ಞಾನಕ್ಕೆ ಕಾಲ ಬೇಕು, ಅಪಾಯದ ವೈರಸ್ಸು ಇದು, ಪ್ರಯೋಗಾಲಯದಲ್ಲಿ ಕೆಲಸ ಮಾಡಿದವರಿಗೇ ಸೋಂಕು ತಗುಲಿದ್ದುಂಟು ಅಂತ ಗೆಳೆಯನೊಬ್ಬ ವಾದ ಮಾಡಿದ. ಒಪ್ಪುತ್ತೇನೆ. ಆದರೆ ಕೊರೊನಾ ನೋಡಿ. 2020ರ ಜನವರಿ 30ಕ್ಕೆ ದೇಶದಲ್ಲಿ ಮೊದಲ ರೋಗಿ ಸಿಕ್ಕಿದರು. 2021ರ ಜನವರಿ 16ಕ್ಕೆ ಲಸಿಕೆ ಹಾಕಲು ಶುರುವಾಯಿತು. ಕೊವ್ಯಾಕ್ಸಿನ್‌ಗೆ ವೈರಸ್ಸನ್ನು ಬೇರ್ಪಡಿಸಿ ಕೊಟ್ಟದ್ದು ಇದೇ ಪುಣೆಯ ಸಂಸ್ಥೆ, 1957ರಲ್ಲಿ ನಮ್ಮ ಕಾಡಿಗೆ ಓಡಿ ಬಂದ ಅದೇ ಸಂಸ್ಥೆ. ಆ ವಿಜ್ಞಾನಿಗಳ ಬುದ್ಧಿ ಕೈಚಳಕಗಳಿಗೆ ನಾನು ಕೈ ಮುಗಿಯುತ್ತೇನೆ. ನನ್ನ ಜಗಳ ಅವರ ಜೊತೆ ಅಲ್ಲ. ಅವರ ಮುಂದೆ ಯಾವ ರೋಗವನ್ನು ಯಾವ ದುಡ್ಡಿನೊಂದಿಗೆ ಇಡಲಾಗುತ್ತದೆ ಅನ್ನುವುದರ ಜೊತೆ.

ದುಡ್ಡಿನ ಕಥೆಯೂ ಒಂದಿದೆ. ಈ ವೈರಸ್ಸು ಸೈಬೀರಿಯಾದಿಂದ ವಲಸೆ ಹಕ್ಕಿಗಳ ಮೈಮೇಲಿನ ಉಣುಗಿನಲ್ಲಿ ಬಂದಿರಬಹುದೇ ಅನ್ನುವ ಗುಮಾನಿಯಿಂದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸಲೀಂ ಅಲಿ ಮುಂತಾದವರು ಹಕ್ಕಿಗಳ ಕಾಲಿಗೆ ಬಳೆ ತೊಡಿಸಿದರು. ಆ ಕೆಲಸಕ್ಕೆ ಮುಂದೆ ಹಣ ಬಂದದ್ದು ಅಮೆರಿಕಾದ ಸೈನ್ಯದ ಕಡೆಯಿಂದ. 1970ರ ದಶಕದಲ್ಲಿ ಸಂಸತ್ತಿನ ಲೆಕ್ಕಪತ್ರ ಸಮಿತಿ ಇದನ್ನು ಪ್ರಶ್ನಿಸಿತು. ಸಲೀಂ ಅಲಿಯವರ ನಿಯತ್ತನ್ನು ನಾನು ಅನುಮಾನಿಸುವುದಿಲ್ಲ; ಹಕ್ಕಿಗಳ ಬಗ್ಗೆ ನಮಗೆ ಇವತ್ತು ಗೊತ್ತಿರುವುದರಲ್ಲಿ ಬಹಳಷ್ಟು ಅವರಿಂದ. ಆದರೆ ಸಿಪಾಯಿಯ ದುಡ್ಡು ಸಿಪಾಯಿಯ ಪ್ರಶ್ನೆ ಕೇಳುತ್ತದೆ. ಈ ರೋಗ ಎಲ್ಲಿಂದ ಎಲ್ಲಿಗೆ ಹೋದೀತು, ಯಾರ ಪಡೆಯನ್ನು ಕೆಡವೀತು? ದರಗು ಗುಡಿಸುವ ಹೆಂಗಸಿನ ಮೊಣಕಾಲಿಗೆ ಉಣುಗು ಹತ್ತದ ಹಾಗೆ ಏನು ಮಾಡಬಹುದು ಅನ್ನುವುದು ಆ ದುಡ್ಡಿನ ಪ್ರಶ್ನೆಯಾಗಲಾರದು. ಅದು ನಮ್ಮ ದುಡ್ಡು ಕೇಳಬೇಕಾದ ಪ್ರಶ್ನೆ.

ಅದೇ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1974-75ರ ಹೊತ್ತಿಗೆ ಕಂಡ ಮೂಳೆ ರೋಗವನ್ನು ಇಲ್ಲಿ ನೆನೆಯದೆ ಇರಲಾರೆ. ಸೊಂಟದ ಕೀಲು ಸವೆದು, ಮೈ ಕುಗ್ಗಿ, ನೆಟ್ಟಗೆ ನಿಲ್ಲಲಾರದ ಜನ. ಬಂದದ್ದು ಚನ್ನಂಗಿ ಮತ್ತು ಛಲವಾದಿ ದಲಿತ ಕುಟುಂಬಗಳಿಗೆ. ಮೊದಲು ಗದ್ದೆಯ ಏಡಿ ತಿಂದದ್ದಕ್ಕೆ, ಏಡಿಯಲ್ಲಿ ಸೇರಿದ ಕೀಟನಾಶಕಕ್ಕೆ ಅಂದರು. ಆಮೇಲೆ ವಂಶದಲ್ಲಿ ಬರುವ ದೋಷ ಅಂದರು. ರಕ್ತ ತೆಗೆದರು, ಎಕ್ಸ್‌ರೇ ತೆಗೆದರು, ಪ್ರಬಂಧ ಬರೆದರು. ಸಂಶೋಧನೆ ಬೇಕು, ನಾನು ಸಂಶೋಧನೆಯ ವೈರಿಯಲ್ಲ. ಆದರೆ ರಕ್ತ ಕೊಟ್ಟವನಿಗೆ ಫಲಿತಾಂಶವನ್ನು ಅವನ ಭಾಷೆಯಲ್ಲಿ ಹೇಳಿ ಹೋಗುವುದು ಸಂಶೋಧನೆಯ ಖರ್ಚಿನಲ್ಲಿ ಸೇರಬಾರದೇ?

ನಾಯಕತ್ವ ಅನ್ನುವ ಮಾತು ನಮ್ಮಲ್ಲಿ ಸವೆದು ಹೋಗಿದೆ, ಫ್ಲೆಕ್ಸ್ ಬೋರ್ಡಿನ ಮಾತಾಗಿದೆ. 1897ನೇ ಇಸವಿ ಒಂದನ್ನೇ ನೋಡಿ. ಜನವರಿಯಲ್ಲಿ ಮುಂಬಯಿಯಲ್ಲಿ ಹಾಫ್‌ಕಿನ್ ಅನ್ನುವ ಯಹೂದಿ ವಿಜ್ಞಾನಿ ತಾನು ತಯಾರಿಸಿದ ಪ್ಲೇಗು ಲಸಿಕೆಯನ್ನು ಮೊದಲು ತನ್ನ ಮೈಗೆ ಚುಚ್ಚಿಕೊಂಡ. ಎರಡು ತಿಂಗಳ ಮೇಲೆ ಪುಣೆಯ ಹತ್ತಿರ ಸಾವಿತ್ರಿಬಾಯಿ ಫುಲೆ ಪ್ಲೇಗು ತಗುಲಿದ ಮಹಾರ್ ಕೇರಿಯ ಹುಡುಗನೊಬ್ಬನನ್ನು ಬೆನ್ನ ಮೇಲೆ ಹೊತ್ತು ಮಗ ಯಶವಂತನ ಆಸ್ಪತ್ರೆಗೆ ತಂದರು. ಹುಡುಗ ಬದುಕಿದ. ಅವರು ಮಾರ್ಚ್ 10ರಂದು ತೀರಿಕೊಂಡರು. ಒಬ್ಬರ ಹತ್ತಿರ ಲಸಿಕೆ ಇತ್ತು, ಇನ್ನೊಬ್ಬರ ಹತ್ತಿರ ಬೆನ್ನು ಮಾತ್ರ ಇತ್ತು. ಇಬ್ಬರೂ ಕಾಗದ ಅಂಟಿಸಿ ಹೋಗಲಿಲ್ಲ. ಇವತ್ತು ಆ ಜಾತಿಗೆ ಸೇರಿದವರು ಯಾರಾದರೂ ಇದ್ದರೆ ಅದು ಐಸ್ ಡಬ್ಬಿ ಹೆಗಲಿಗೆ ಹಾಕಿಕೊಂಡು ಗುಡ್ಡ ಹತ್ತುವ ನಮ್ಮ ಆಶಾ ಅಕ್ಕಂದಿರು. ಅವರ ಗೌರವಧನಕ್ಕೆ ಅವರೇ ಬೀದಿಗೆ ಇಳಿದು ಕೂಗಬೇಕಾಗಿದೆ.

ನಮ್ಮವರಿಗೂ ಒಂದು ಮಾತು ಇದೆ, ಕೋಪ ಬಂದರೆ ಬರಲಿ. ಸರ್ಕಾರದ ಸೂಜಿ ಅಂದರೆ ಮೋಸ, ಬಡವರ ಮೇಲೆ ಪ್ರಯೋಗ ಅಂತ ಸಂಘಟನೆಯ ಸಭೆಯಲ್ಲೇ ಹೇಳಿದವರನ್ನು ಕೇಳಿದ್ದೇನೆ. ಅನುಮಾನಕ್ಕೆ ಕಾರಣ ಇದೆ. ಆದರೆ ಸಿಡುಬನ್ನು ನೆನೆಯಿರಿ. ಅಮ್ಮ ಬಂದಳು ಅಂತ ಹೆದರಿ, ಬೇವಿನ ಸೊಪ್ಪು ಕಟ್ಟಿ, ಮಾರಿಯ ಕೋಣದ ಭಾರವನ್ನೆಲ್ಲ ಹೊತ್ತವರು ನಮ್ಮ ಅಜ್ಜಂದಿರೇ. ಯಾವ ಕೋಣವೂ ನಿಲ್ಲಿಸದ ಅಮ್ಮನನ್ನು ಎರಡು ಮೊನೆಯ ಒಂದು ಪುಟ್ಟ ಸೂಜಿ 1975ರಲ್ಲಿ ಈ ದೇಶದಿಂದ ಕಳಿಸಿತು. ಪೂಜಾರಿಯ ಹಿಡಿತ ಬಿಡಿಸಿದ ಆ ಸೂಜಿಯನ್ನು ನಾವೇ ದೂರ ಮಾಡಿದರೆ ಅದು ಬಂಡಾಯ ಹೇಗಾದೀತು? ಕಸುವಿರುವ ಲಸಿಕೆ ಕೊಡಿ, ಹೊತ್ತಿಗೆ ಸರಿಯಾಗಿ ಕೊಡಿ, ನಾವು ಕೆಲಸಕ್ಕೆ ಹೊರಡುವ ಮುಂಚೆ ಆರು ಗಂಟೆಗೆ ಬಂದು ಕೊಡಿ ಅಂತ ಜಗಳ ಆಡಬೇಕು. ಬೇಡ ಅನ್ನುವುದಕ್ಕೆ ಧೈರ್ಯ ಬೇಕಾಗಿಲ್ಲ, ಅದು ಖರ್ಚಿಲ್ಲದ ಕೆಲಸ, ಸರ್ಕಾರಕ್ಕೂ ಖರ್ಚಿಲ್ಲ.

ಕವಿಗಳನ್ನು ಬಿಟ್ಟರೆ ತಪ್ಪಾದೀತು. ಮಲೆನಾಡು ಅಂದರೆ ಮಳೆ, ಮಂಜು, ಹಸಿರು, ಕಾಜಾಣ. ನಾನೂ ಬಿ.ಎ. ಓದುವಾಗ ಹಾಸ್ಟೆಲ್ ಪತ್ರಿಕೆಗೆ ಉದುರುವ ಎಲೆಯ ಬಗ್ಗೆ ಒಂದು ಪದ್ಯ ಬರೆದು ಬಹುಮಾನ ತಗೊಂಡವನು. ಮನೆಗೆ ಬಂದು ಓದಿ ಹೇಳಿದೆ. ಚಿಕ್ಕವ್ವ ಕೇಳಿ, “ಮಗಾ, ಆ ಎಲೆ ಗುಡಿಸಿದ್ದು ಯಾರು?” ಅಂದಳು. ಆ ಪದ್ಯವನ್ನು ನಾನು ಮತ್ತೆ ಎಲ್ಲೂ ಓದಿಲ್ಲ.

ಕಾಡಂಚಿನ ಶಾಲೆಗಳಲ್ಲಿರುವ ಮೇಷ್ಟ್ರುಗಳೇ, ಒಂದು ನೋಟ್‌ಬುಕ್ ಇಡಿ. ಮಂಗ ಸತ್ತದ್ದು ಯಾವ ದಿನ, ಎಲ್ಲಿ. ತಿಳಿಸಿದ್ದು ಯಾವಾಗ, ಬಂದದ್ದು ಯಾವಾಗ. ಎಣ್ಣೆ ಎಷ್ಟು ಬಾಟಲಿ, ಎಷ್ಟು ಮನೆಗೆ. ಜ್ವರ ಯಾರಿಗೆ, ಅವರು ಯಾರ ಬೆಟ್ಟಕ್ಕೆ ಹೋಗಿದ್ದರು. ಮಕ್ಕಳ ಕೈಯಲ್ಲೇ ಬರೆಸಿ. ನಮ್ಮ ಕೇರಿಯಲ್ಲಿ ನಾವು ಶುರು ಮಾಡಿದ್ದೇವೆ. ಮೊದಲ ಪುಟದಲ್ಲಿ ಚಿಕ್ಕವ್ವನ ಹೆಸರಿನ ಮುಂದೆ ಹೀಗಿದೆ: ಸೂಜಿ ಎರಡು, ಬೂಸ್ಟರ್ ಇಲ್ಲ, ಮಲಗಿದ್ದು ನಲವತ್ತೊಂದು ದಿನ, ಕೂಲಿ ಇಲ್ಲ. ಅದರ ಕೆಳಗೆ, ಅವಳೇ ಹೇಳಿ ಬರೆಸಿದ್ದು: ಈ ವರ್ಷವೂ ಹೋಗ್ತೀನಿ.