ಒಣದ್ರಾಕ್ಷಿ ಶೆಡ್ಡಿನ ವಾಸನೆ ಬಂದ ವೈನು

ಇಟಲಿಗೆ ಹೋಗಿಬಂದ ಟೀಮ್‌ಮೇಟ್ ಒಬ್ಬ ಒಂದು ಸಣ್ಣ ಬಾಟಲಿ ವೈನ್ ತಂದಿದ್ದ. ಜೇನಿನ ಬಣ್ಣ. ಊಟ ಆದಮೇಲೆ ಎಲ್ಲರಿಗೂ ಎರಡೆರಡು ಗುಟುಕು ಬಂತು. ಒಬ್ಬರು ಅಂಜೂರ ಅಂದ್ರು, ಇನ್ನೊಬ್ಬರು ಕಿತ್ತಳೆ ಸಿಪ್ಪೆ ಅಂದ್ರು. ನಾನು ಗ್ಲಾಸಿಗೆ ಮೂಗು ಇಟ್ಟವನೇ ಸುಮ್ಮನಾದೆ. ನನಗೆ ಬಂದದ್ದು ಇಂಡಿ ತಾಲೂಕಿನ ನಮ್ಮೂರ ಒಣದ್ರಾಕ್ಷಿ ಶೆಡ್ಡಿನ ವಾಸನೆ. ಅದೂ ಮಾರ್ಚ್ ತಿಂಗಳ ಮಟಮಟ ಮಧ್ಯಾಹ್ನದ್ದು.

ಆಮೇಲೆ ಓದಿದಾಗ ಗೊತ್ತಾಯ್ತು, ಅದು ಭ್ರಮೆ ಆಗಿರಲಿಲ್ಲ. ಆ ವೈನು ಪ್ಯಾಂಟೆಲ್ಲೆರಿಯಾ ಅನ್ನೋ ದ್ವೀಪದ್ದು. ಇಟಲಿಗೆ ಸೇರಿದ್ದರೂ ಸಿಸಿಲಿಗಿಂತ ಆಫ್ರಿಕಾದ ಟ್ಯುನೀಷಿಯಾಕ್ಕೇ ಹತ್ತಿರ. ದ್ರಾಕ್ಷಿಯ ಹೆಸರು ಜಿಬಿಬ್ಬೊ. ಒಣದ್ರಾಕ್ಷಿಗೆ ಅರಬ್ಬಿಯಲ್ಲಿ ಇರುವ 'ಜಬೀಬ್' ಎಂಬ ಮಾತಿನಿಂದ ಬಂದ ಹೆಸರು. ಗಾಳಿಗೆ ಹೆದರಿ ನೆಲದ ಗುಂಡಿಯೊಳಗೆ ಕುಳ್ಳಗೆ ಬೆಳೆಸಿದ ಬಳ್ಳಿ. ಈ ಕೃಷಿ ಪದ್ಧತಿಗೆ 2014ರಲ್ಲಿ ಯುನೆಸ್ಕೋ ಮನ್ನಣೆ ಸಿಕ್ಕಿದೆ. ಹಣ್ಣನ್ನು ಬಿಸಿಲಿಗೆ ಒಣಗಿಸಿ, ಹುದುಗುತ್ತಿರುವ ರಸಕ್ಕೆ ಸೇರಿಸಿ ಮಾಡುವ ಸಿಹಿ ವೈನಿಗೆ 'ಪಸ್ಸಿತೊ' ಅಂತಾರೆ.

ಆ ಎರಡು ಗುಟುಕಿನ ನಂತರ ನಮ್ಮ ಕಡೆಯ ಬಿಳಿ ವೈನುಗಳ ಬಗ್ಗೆ ನನಗೆ ಮೊದಲಿನಿಂದಲೂ ಇದ್ದ ತಕರಾರು ಏನು ಅಂತ ಸ್ಪಷ್ಟವಾಯ್ತು.

2007ರಲ್ಲಿ ಕರ್ನಾಟಕ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದಿತು. ನಂದಿ ಕಣಿವೆಯ ಜೊತೆಗೆ ಕೃಷ್ಣಾ ಕಣಿವೆಯ ಹೆಸರೂ ಬಂತು. ನಮ್ಮ ಜಿಲ್ಲೆ ಅದರಲ್ಲೇ ಬರುತ್ತೆ. ಬೆಂಗಳೂರಿನ ವೈನ್ ಮೇಳಗಳಲ್ಲಿ 'ನಮ್ಮ ಕಡೆಯದು' ಅನ್ನೋ ಅಭಿಮಾನಕ್ಕೇ ನಾನು ಹಲವು ಬಿಳಿ ವೈನು ಕುಡಿದಿದ್ದೇನೆ. ಬಹಳಷ್ಟು ಎರಡೇ ಜಾತಿ. ಒಂದು, ಫ್ರಾನ್ಸ್ ಮೂಲದ ಶೆನಿನ್ ಬ್ಲಾಂಕ್: ಚೊಕ್ಕಟ, ತಂಪು, ಆದರೆ ನಾಸಿಕದ್ದೋ ನಮ್ಮದೋ ಅಂತ ಹೇಳೋಕೆ ಆಗಲ್ಲ. ಇನ್ನೊಂದು ಬರೀ ಸಿಹಿ. ಹುಳಿ ಇಲ್ಲ, ಘಮ ಇಲ್ಲ, ಗಂಟಲಿಂದ ಇಳಿದ ಕೂಡಲೇ ಮರೆತುಹೋಗುತ್ತೆ. ಶರಬತ್ತಿಗೆ ಕಾರ್ಕ್ ಹಾಕಿದಂಗ.

ಹಂಗಂತ ನಮ್ಮ ಥಾಮ್ಸನ್ ಸೀಡ್‌ಲೆಸ್ಸನ್ನೇ ಹಿಂಡಿದರೆ ಆದೀತಾ? ಆಗಲ್ಲ. ಅದು ತಿನ್ನೋಕೆ, ಒಣಗಿಸೋಕೆ ಇರುವ ಹಣ್ಣು. ಬೀಜವಿಲ್ಲ, ಸಿಪ್ಪೆ ತೆಳು, ಇಳುವರಿ ಜಾಸ್ತಿ, ಘಮ ಕಮ್ಮಿ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದವರು ಇದನ್ನು ಅಗ್ಗದ ಬಿಳಿ ವೈನಿಗೆ ಧಾರಾಳವಾಗಿ ಸುರಿದರು. ಅದರ ಹೆಸರಲ್ಲಿ ಒಳ್ಳೆ ವೈನು ಹುಟ್ಟಲಿಲ್ಲ. ಥಾಮ್ಸನ್ ಒಣಗಿಸಿ ಪಸ್ಸಿತೊ ಮಾಡ್ತೀನಿ ಅಂದರೂ ಅಷ್ಟೇ. ಒಣಗಿದರೆ ಸಕ್ಕರೆ ಗಟ್ಟಿಯಾಗುತ್ತೆ, ಮೊದಲೇ ಇಲ್ಲದ ಘಮ ಎಲ್ಲಿಂದ ಬರಬೇಕು?

ನಮ್ಮಲ್ಲಿ ಇರುವುದು ಬೇರೆ: ಒಣಗಿಸುವ ಕೈ. ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಒಣಗಾಳಿ, ಸಾಲುಸಾಲು ರ್ಯಾಕು, ನಾಲ್ಕು ಕಿಲೋ ಹಣ್ಣು ಒಂದು ಕಿಲೋಗೆ ಇಳಿಯುವ ತನಕ ನೆರಳಲ್ಲಿ ಕಾಯುವ ತಾಳ್ಮೆ. ಬಣ್ಣ ನೋಡಿಯೇ ತೇವ ಎಷ್ಟಿದೆ ಅಂತ ಹೇಳುವ ಹೆಂಗಸರು ನಮ್ಮೂರಲ್ಲಿದ್ದಾರೆ. ಪ್ಯಾಂಟೆಲ್ಲೆರಿಯಾದವರು ಯಾವ ಕೆಲಸಕ್ಕೆ ಹೆಸರು ಮಾಡಿದರೋ ಆ ಕೆಲಸದ ಅರ್ಧ ನಮಗೆ ಬರುತ್ತೆ. ವೈನು ಮಾಡುವವರು ಮಾತ್ರ ಆ ಅರ್ಧವನ್ನು ಬಿಟ್ಟು ಬೇರೆಯವರ ತಾಜಾ ವೈನನ್ನು ನಕಲು ಮಾಡ್ತಾ ಕೂತಿದ್ದಾರೆ.

ಹಣ್ಣು? ಅದೂ ಇದೆ, ದೂರದಲ್ಲೇನೂ ಇಲ್ಲ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ 'ಅರ್ಕಾ ಸೋಮ' ಅನ್ನೋ ಬಿಳಿ ತಳಿ ಮಾಡಿದೆ. ಅನಾಬ್-ಎ-ಶಾಹಿ ಮತ್ತು ಕ್ವೀನ್ ಆಫ್ ದಿ ವಿನ್‌ಯಾರ್ಡ್ಸ್ ಎರಡರ ಸಂಕರ. ಜಿಬಿಬ್ಬೊಗೆ ಇರುವಂಥದೇ ಮಸ್ಕಟ್ ಘಮ ಇದಕ್ಕೂ ಇದೆ, ಬೀಜವೂ ಇದೆ. ಊಟದ ನಂತರ ಕುಡಿಯುವ ಸಿಹಿ ಬಿಳಿ ವೈನಿಗೆ ತಕ್ಕದ್ದು ಅಂತ ಸಂಸ್ಥೆಯವರೇ ಹೇಳಿದ್ದಾರೆ. ವೀಕೆಂಡಿಗೆ ಹೆಸರಘಟ್ಟದ ಕಡೆ ಬೈಕ್ ಓಡಿಸುವ ನಮ್ಮಲ್ಲಿ ಎಷ್ಟು ಜನಕ್ಕೆ ಈ ಹೆಸರು ಗೊತ್ತು?

ಈ ಉತ್ಸಾಹದಲ್ಲಿ ಊರಿಗೆ ಫೋನ್ ಮಾಡಿ, ಅರ್ಧ ಎಕರೆ ಕಸಿ ಮಾಡೋಣ ಅಂದೆ. ಅಪ್ಪ ಪೂರ್ತಿ ಕೇಳಿಸಿಕೊಂಡರು.

"ಬೀಜದ ದ್ರಾಕ್ಷಿ ಯಾರ ತಿಂತಾರೋ ತಮ್ಮಾ? ಥಾಮ್ಸನ್ ಆದ್ರ, ರೇಟ್ ಬರಲಿಲ್ಲಂದ್ರ ಒಣಗಿಸಿ ಕೋಲ್ಡ್ ಸ್ಟೋರೇಜಿಗೆ ಇಡತೀನಿ. ವೈನಿನವ ಬರಲಿಲ್ಲಂದ್ರ ನಿನ್ನ ಹಣ್ಣ ಇಟಗೊಂಡು ನಾ ಏನ ಮಾಡ್ಲಿ?"

ಬ್ಯಾಕಪ್ ಇಲ್ಲದೆ ಪ್ರೊಡಕ್ಷನ್‌ಗೆ ಹೋಗಬೇಡಿ ಅಂತ ಜೂನಿಯರ್‌ಗಳಿಗೆ ದಿನಾ ಹೇಳುವ ನಾನು, ಅಪ್ಪನ ಹೊಲದಲ್ಲಿ ಅದನ್ನೇ ಮಾಡಲು ಹೊರಟಿದ್ದೆ.

ಆದ್ದರಿಂದ ನನ್ನ ತಕರಾರು ರೈತರ ಮೇಲೆ ಅಲ್ಲ, ಥಾಮ್ಸನ್ ಮೇಲೂ ಅಲ್ಲ. ಲೇಬಲ್ಲಿನ ಮೇಲೆ ನಮ್ಮ ನದಿಯ ಹೆಸರು ಹಾಕಿಕೊಳ್ಳುವವರು ಅಕ್ಟೋಬರ್ ಚಾಟ್ನಿಗೆ ಮುಂಚೆಯೇ ಬಂದು, ಹಣ್ಣಿನ ರೇಟನ್ನು ಕಾಗದದ ಮೇಲೆ ಬರೆದುಕೊಡಬೇಕು. ಹೊಸ ಬಳ್ಳಿ ಫಲ ಕೊಡುವ ತನಕದ ಖರ್ಚಿನಲ್ಲಿ ಪಾಲು ಹೊರಬೇಕು. ಒಣದ್ರಾಕ್ಷಿಗೆ ಬೇಗ ಒಣಗಲೆಂದು ಅದ್ದುವ ಎಣ್ಣೆ, ಪೊಟ್ಯಾಶಿಯಂ ಕಾರ್ಬೊನೇಟ್ ಇಲ್ಲದೆ ನಿಧಾನಕ್ಕೆ ಒಣಗಿಸಲು ಕೂಲಿ ಕೊಡಬೇಕು. ಆಗ ಆ ವೈನು ಚೆನ್ನಾಗಿದೆಯೋ ಇಲ್ಲವೋ ಅಂತ ವಿಮರ್ಶೆ ಮಾಡೋಣ. ಈಗಿನದರಲ್ಲಿ ವಿಮರ್ಶೆ ಮಾಡಲು ಲೇಬಲ್ ಬಿಟ್ಟರೆ ಹೆಚ್ಚೇನೂ ಇಲ್ಲ.

ಖಾಲಿ ಬಾಟಲಿಯನ್ನು ಯುಗಾದಿಗೆ ಊರಿಗೆ ಒಯ್ದೆ. ಅಪ್ಪ ಕುಡಿಯುವವರಲ್ಲ. ಬಿರಡೆ ತೆಗೆದು ಮೂಸಿ ನೋಡಿದರು. "ಹೌದಲ್ಲೋ, ನಮ್ಮ ಶೆಡ್ಡಿನ ವಾಸನಿ" ಅಂದರು. ಬೆಲೆ ಕೇಳಿದರು, ಹೇಳಿದೆ. ಬೆರಳು ಮಡಚಿ ಲೆಕ್ಕ ಹಾಕಿದರು: ಹತ್ತಿರಹತ್ತಿರ ಮೂವತ್ತು ಕಿಲೋ ಒಣದ್ರಾಕ್ಷಿ.

ಬಾಟಲಿಯನ್ನು ವಾಪಸ್ ಕೊಡಲಿಲ್ಲ. ಅದೀಗ ಶೆಡ್ಡಿನ ಕಿಟಕಿಯಲ್ಲಿದೆ.