ಚಳಿಗಾಲದ ಕತ್ತರಿ, ಬೇಸಿಗೆಯ ಮಲ್ಲಿಗೆ

ಏಪ್ರಿಲ್ ಬಂತೆಂದರೆ ಕರಾವಳಿಯ ಅಂಗಳಗಳಲ್ಲಿ ಒಂದೇ ಬಗೆಯ ಮಾತು ಕೇಳಿಸತೊಡಗುತ್ತದೆ. "ಅಕ್ಕಾ, ನಿಮ್ಮಲ್ಲಿ ಮಲ್ಲಿಗೆ ಹೀಗೆ ಬಿಡ್ತದಲ್ಲ, ಬುಡಕ್ಕೆ ಎಂತ ಹಾಕ್ತೀರಿ?" ಉತ್ತರವೂ ಬಹುಮಟ್ಟಿಗೆ ಒಂದೇ: "ಎಂತದೂ ಇಲ್ಲ ಮಾರಾಯ್ತಿ, ಅದರಷ್ಟಕ್ಕೇ ಬಿಡ್ತದೆ." ಕೇಳಿದವರು "ನಿಮ್ಮ ಕೈಗುಣ" ಎಂದು ಮೆಚ್ಚಿಕೊಂಡು, ಒಂದು ಕಡ್ಡಿ ಇಸಿದುಕೊಂಡು ಹೋಗುತ್ತಾರೆ. ಮರುವರ್ಷ ಅವರ ಮನೆಯಲ್ಲಿ ಆ ಕಡ್ಡಿ ಸೊಂಪಾದ ಹಸಿರು ಪೊದೆಯಾಗಿ ನಿಂತಿರುತ್ತದೆ, ಮೊಗ್ಗು ಮಾತ್ರ ಬೆರಳೆಣಿಕೆಯಷ್ಟು.

ಆ ಉತ್ತರದಲ್ಲಿ ವಿನಯವಿದೆ, ನಿಜವಿಲ್ಲ. ಗುಂಡುಮಲ್ಲಿಗೆ ಅದರಷ್ಟಕ್ಕೇ ಹಾಗೆ ಬಿಡುವ ಗಿಡವಲ್ಲ. ಅದು ಹೂ ಕೊಡುವುದು ಹೊಸ ಚಿಗುರಿನಲ್ಲಿ. ನವೆಂಬರ್ ಕೊನೆಗೋ ಡಿಸೆಂಬರಿನಲ್ಲೋ ನೀರು ನಿಲ್ಲಿಸಿ, ಗಿಡ ತುಸು ಬಾಡಿದ ಮೇಲೆ ನೆಲದಿಂದ ಒಂದೂವರೆ ಅಡಿ ಎತ್ತರಕ್ಕೆ ಸವರಬೇಕು. ಒಣಗಿದ ರೆಂಬೆ, ರೋಗದ ರೆಂಬೆ, ಒಂದರ ಮೇಲೊಂದು ಹಾಯ್ದ ರೆಂಬೆಗಳನ್ನೆಲ್ಲ ತೆಗೆದು, ಉಳಿದ ಎಲೆಗಳನ್ನೂ ಉದುರಿಸಿ, ಬುಡ ಬಿಡಿಸಿ ಹಟ್ಟಿಗೊಬ್ಬರ ಕೊಟ್ಟು, ಆಮೇಲೆ ಮತ್ತೆ ನೀರು ಹಿಡಿಯಬೇಕು. ಮೊದಲು ಚಿಗುರು ಒಡೆಯುತ್ತದೆ, ಆ ಚಿಗುರಿನ ತುದಿಯಲ್ಲಿ ಮೊಗ್ಗು ಕೂರುತ್ತದೆ. ಮಾರ್ಚ್‌ನಿಂದ ಮಳೆ ಬೀಳುವ ತನಕ ನಾವು ಮುಡಿಯುವ ಹೂವು ಡಿಸೆಂಬರಿನಲ್ಲಿ ಹಿಡಿದ ಕತ್ತರಿಯ ಫಲ. ಕಡ್ಡಿ ಕೊಟ್ಟ ಅಕ್ಕನಿಗೆ ಇದೆಲ್ಲ ಗೊತ್ತು. ಕೈಗೆ ಎಷ್ಟು ರೂಢಿಯಾಗಿದೆಯೆಂದರೆ, ಹೇಳಬೇಕಾದ ವಿದ್ಯೆ ಅದು ಎಂದು ಅವರಿಗೆ ಅನ್ನಿಸುವುದೇ ಇಲ್ಲ.

ಬಹುವಾರ್ಷಿಕ ಹೂಗಿಡಗಳನ್ನು ಸಾಕುವ ನಮ್ಮ ಮನೆತೋಟದ ಪದ್ಧತಿಯನ್ನು ನಾನು ಬಹಳ ಎತ್ತರದಲ್ಲಿ ಇಟ್ಟು ನೋಡುತ್ತೇನೆ. ನೋಡುತ್ತ ಬಂದ ಹಾಗೆ ಒಂದು ಕೊರತೆ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಈ ತೋಟಗಾರರ ಮಾತು ಹೂವಿನ ಬಗ್ಗೆ ಧಾರಾಳ, ಹೂ ತರಿಸುವ ಕೆಲಸದ ಬಗ್ಗೆ ಜಿಪುಣ. ಗಿಡ ಕೈಯಿಂದ ಕೈಗೆ ದಾಟುತ್ತದೆ, ಅದರ ಹಿಂದಿನ ಎಂಟು ತಿಂಗಳ ಆರೈಕೆ ದಾಟುವುದಿಲ್ಲ.

ಎಲ್ಲ ಗಿಡಗಳ ವಿಷಯದಲ್ಲೂ ಹೀಗೆ ಎನ್ನುವಂತಿಲ್ಲ. ಮಲೆನಾಡಿನ ಡೇರೆ ಹೂವಿನ ಮಾತು ಕೇಳಿದವರು ಇದನ್ನು ಒಪ್ಪಿಯಾರು. ಡೇರೆ ಮಳೆಗಾಲದ ಹೂವು. ಬೇಸಿಗೆಯಲ್ಲಿ ಅದರ ಗೆಡ್ಡೆ ಕೊಟ್ಟಿಗೆಯ ಮೂಲೆಯಲ್ಲಿ ಒಣಮಣ್ಣು, ಬೂದಿಯೊಳಗೆ ಮಲಗಿರುತ್ತದೆ. ಅದರ ವಿನಿಮಯ ನಡೆಯುವುದು ಮಾತ್ರ ಬೇಸಿಗೆಯಲ್ಲೇ, ಮದುವೆ ಮುಂಜಿಗಳ ಓಡಾಟದ ನಡುವೆ. ಸಾಗರ, ಸಿರ್ಸಿ, ತೀರ್ಥಹಳ್ಳಿಯ ಕಡೆ ನೆಂಟರ ಮನೆಗೆ ಹೋದ ಹೆಂಗಸರು ಊಟಕ್ಕೆ ಮುಂಚೆ ಹಿತ್ತಲಿಗೆ ಒಂದು ಸುತ್ತು ಹಾಕಿ ಬರುತ್ತಾರೆ. ಗೆಡ್ಡೆ ಕೊಡುವಾಗ ಇಲ್ಲಿ ಮಾತು ಬಹಳ ನಿಖರ: "ಕುತ್ತಿಗೆ ಮುರೀಬೇಡ, ಕಣ್ಣಿರೋದು ಅಲ್ಲೇ." ಡೇರೆಯ ಗೆಡ್ಡೆ ಆಲೂಗಡ್ಡೆಯ ಹಾಗೆ ಮೈತುಂಬ ಕಣ್ಣಿರುವಂಥದ್ದಲ್ಲ. ಹಳೆಯ ಕಾಂಡದ ಬುಡಕ್ಕೆ ಅಂಟಿದ ಕುತ್ತಿಗೆಯ ಜಾಗದಲ್ಲಷ್ಟೇ ಚಿಗುರೊಡೆಯುತ್ತದೆ. ಅದು ಮುರಿದರೆ ದಪ್ಪನೆಯ ಗೆಡ್ಡೆಯೂ ದಂಡ. ಮೆಕ್ಸಿಕೋದ ಈ ಗಿಡ 1789ರಲ್ಲಿ ಮ್ಯಾಡ್ರಿಡ್‌ನ ಸಸ್ಯೋದ್ಯಾನ ಸೇರಿತು, ಅಲ್ಲಿಂದ ಯುರೋಪಿನ ತೋಟಗಳಿಗೆ ಹರಡಿತು. ನಮ್ಮ ಕಾಡಿನಂಚಿನ ಮನೆಗಳಿಗೆ ಅದು ಯಾರ ಕೈಯಿಂದ ಬಂದಿದ್ದರೂ, ಈಗ ಉಳಿದಿರುವುದು ಈ ಹೆಂಗಸರ ಮಾತಿನಿಂದ. ಬಣ್ಣದ ಜೊತೆಗೆ ಕೊಟ್ಟವರ ಊರಿನ ಹೆಸರೂ ಸೇರಿಕೊಂಡು ಒಂದೊಂದು ಡೇರೆಗೂ ಒಂದು ವಂಶಾವಳಿ ಇರುತ್ತದೆ. ಮನೆತೋಟದ ಮಾತು ತನ್ನ ಅತ್ಯುತ್ತಮ ರೂಪದಲ್ಲಿ ಇರುವುದು ಹೀಗೆ.

ಮಲ್ಲಿಗೆಗೆ ಇದೇ ಮರ್ಯಾದೆ ಸಿಕ್ಕಿರುವ ಒಂದು ಜಾಗವಿದೆ. ಉಡುಪಿ ಬಳಿಯ ಶಂಕರಪುರ. ಅಲ್ಲಿ ಅಂಗಳದ ಹತ್ತಾರು ಗಿಡ, ಈಚೆಗೆ ತಾರಸಿಯ ಕುಂಡಗಳು ಕೂಡ, ಮನೆಯ ಹೆಂಗಸಿನ ಸ್ವಂತ ಸಂಪಾದನೆಯ ಮೂಲ. ಹೂವನ್ನು ಚೆಂಡು, ಅಟ್ಟೆಗಳ ಲೆಕ್ಕದಲ್ಲಿ ಕೊಡುತ್ತಾರೆ, ದರ ದಿನದಿನವೂ ಬದಲಾಗುತ್ತದೆ. ಹಣ ಬಂದು ಸೇರಿದ ಕಡೆ "ಅದರಷ್ಟಕ್ಕೇ ಬಿಡ್ತದೆ" ಎಂಬ ಮಾತು ನಡೆಯುವುದಿಲ್ಲ. ಕಡಲೆಹಿಂಡಿ ಎಷ್ಟು ದಿನ ನೆನೆಯಬೇಕು, ಸವರಿದ ಗಿಡ ಎಷ್ಟು ದಿನಕ್ಕೆ ಮೊಗ್ಗಿಗೆ ಬರುತ್ತದೆ, ಯಾವ ಹಬ್ಬಕ್ಕೆ ಹೂ ಸಿಗಬೇಕಾದರೆ ಯಾವಾಗ ಕತ್ತರಿ ಹಿಡಿಯಬೇಕು ಎನ್ನುವುದನ್ನೆಲ್ಲ ಅಲ್ಲಿ ಬಾಯಿಬಿಟ್ಟು ಹೇಳುತ್ತಾರೆ. ಉಡುಪಿ, ಮೈಸೂರು, ಹಡಗಲಿ ಮೂರೂ ಮಲ್ಲಿಗೆಗಳಿಗೆ ಭೌಗೋಳಿಕ ಸೂಚಿ ದೊರಕಿದೆ, ಸಂತೋಷ. ಆ ಮಾನ್ಯತೆ ಊರಿನ ಮಣ್ಣು, ಗಾಳಿಗೆ ಎಷ್ಟು ಸಲ್ಲುತ್ತದೋ ಈ ದಿನನಿತ್ಯದ ಲೆಕ್ಕಾಚಾರಕ್ಕೂ ಅಷ್ಟೇ ಸಲ್ಲಬೇಕು.

ಪೇಟೆಯ ಕಡೆಗೆ ಬಂದರೆ ಚಿತ್ರ ಬೇರೆ. ಬೆಂಗಳೂರಿನಲ್ಲಿ ಒಳ್ಳೆಯ ತೋಟ ಎಂದರೇನು ಎಂಬ ಕಲ್ಪನೆಯನ್ನು ನೂರು ವರ್ಷಕ್ಕೂ ಮಿಕ್ಕಿ ರೂಪಿಸಿರುವುದು ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ. ನನಗೆ ಅದರ ಬಗ್ಗೆ ಪ್ರೀತಿಯಿದೆ. ಗಾಜಿನ ಮನೆಯೊಳಗೆ ಮೊದಲ ಸಲ ಕಾಲಿಟ್ಟ ಮಗುವಿನ ಮುಖ ನೋಡಿದ ಯಾರಿಗೂ ಇರುತ್ತದೆ. ಆದರೆ ಅದು ನಡೆಯುವುದು ಜನವರಿ ಮತ್ತು ಆಗಸ್ಟ್‌ನಲ್ಲಿ. ಅಲ್ಲಿ ಮೆರೆಯುವುದು ಸಾಲ್ವಿಯಾ, ಪೆಟೂನಿಯಾಗಳಂಥ ಋತುಮಾನದ ಗಿಡಗಳ ಕುಂಡಗಳು. ಆ ದಿನಗಳಿಗೆಂದೇ ಬೆಳೆಸಿ ತಂದಿಟ್ಟವು. ಜನವರಿಯಲ್ಲಿ ಒಬ್ಬರು ಮನೆತೋಟ ನೋಡಲು ಬಂದರೆ, ಸರಿಯಾಗಿ ಸಾಕಿದ ಮಲ್ಲಿಗೆ ಅವರ ಕಣ್ಣಿಗೆ ಬೋಳು ಕಡ್ಡಿಗಳ ಗುಂಪಾಗಿ ಕಾಣುತ್ತದೆ. ಮೇ ಹೂವು ನೆಲದೊಳಗೆ ಗೆಡ್ಡೆಯಾಗಿರುತ್ತದೆ, ಮೇಲೆ ಒಂದು ಎಲೆಯೂ ಇರುವುದಿಲ್ಲ. ಒಳ್ಳೆಯ ಆರೈಕೆ ಆ ತಿಂಗಳಲ್ಲಿ ಅಲಕ್ಷ್ಯದಂತೆ ತೋರುತ್ತದೆ. ಹೀಗಾಗಿ ನಮ್ಮ ಕಣ್ಣು ಪಳಗಿರುವುದು ಹದಿನೈದು ದಿನ ಮಿಂಚಿ ಮುಗಿಯುವ ತೋಟಕ್ಕೆ, ಮತ್ತು ನರ್ಸರಿಗಳು ಮಾರುವುದೂ ಅದನ್ನೇ. ಅರಳಿ ನಿಂತ ಗಿಡವನ್ನು ಕೊಂಡು ತಂದು, ಅದು ಬಾಡಿದೊಡನೆ ಕುಂಡ ಖಾಲಿ ಮಾಡಿ ಇನ್ನೊಂದನ್ನು ತರುವುದು ತೋಟಗಾರಿಕೆಯ ಬಹಳ ಬಡವಾದ ರೂಪ. ಅಲ್ಲಿ ಗಿಡದ ಜೊತೆ ಸಂಬಂಧ ಬೆಳೆಯಲು ಕಾಲವೇ ಇಲ್ಲ.

2024ರ ಬೇಸಿಗೆ ಈ ಎರಡು ಬಗೆಯ ತೋಟಗಳನ್ನೂ ಪರೀಕ್ಷೆಗೆ ಒಡ್ಡಿತು. ಆ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ, ವಾಹನ ತೊಳೆಯಲು ಬಳಸುವುದನ್ನು ನಿಷೇಧಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡ ಎಂದಿತು. ದಿನಕ್ಕೆರಡು ಸಲ ನೀರು ಬೇಡುವ ಮೆದುಬೇರಿನ ಕುಂಡದ ಗಿಡಗಳಿಗೆ ಅಂಥ ಬೇಸಿಗೆಯನ್ನು ದಾಟುವ ಶಕ್ತಿಯಿಲ್ಲ. ನೆಲದಲ್ಲಿ ಬೇರು ಇಳಿಸಿ ನಿಂತ ನಂದಿಬಟ್ಟಲು, ದಾಸವಾಳ, ಸಂಪಿಗೆಗಳ ಮಾತು ಬೇರೆ. ಅಕ್ಕಿ ತೊಳೆದ ನೀರು, ಬಟ್ಟೆ ಜಾಲಾಡಿದ ಕೊನೆಯ ನೀರು, ಬುಡಕ್ಕೊಂದು ಹೊದಿಕೆ ತರಗೆಲೆ ಸಿಕ್ಕರೆ ಅವು ಸಂಭಾಳಿಸಿಕೊಳ್ಳುತ್ತವೆ. ಬೋಗನ್‌ವಿಲ್ಲಾಗಂತೂ ಬಾಯಾರಿಕೆಯೇ ಹೂವಿನ ಕಾಲ. ನೀರು ಹೆಚ್ಚು ಕೊಟ್ಟಷ್ಟೂ ಅದು ಎಲೆ ಹಾಕುತ್ತದೆ, ಒಣಗಿಸಿದಷ್ಟೂ ಬಣ್ಣ ಏರುತ್ತದೆ. ನಾವು ಹೂವೆನ್ನುವ ಆ ಕಾಗದದಂಥ ದಳಗಳು ಬಣ್ಣ ತುಂಬಿದ ಎಲೆಗಳೇ; ನಿಜವಾದ ಹೂವು ಅವುಗಳ ನಡುವಿನ ಪುಟ್ಟ ಬಿಳಿ ನಳಿಕೆ.

ಕೇಪಳದ ಬಗ್ಗೆ ನನಗೆ ಸ್ವಲ್ಪ ಪಕ್ಷಪಾತವಿದೆ, ಅದನ್ನು ಮುಚ್ಚಿಡುವುದಿಲ್ಲ. ಪಶ್ಚಿಮ ಘಟ್ಟದ ಕರಾವಳಿ ಕಡೆಯ ಮುರಕಲ್ಲಿನ ಗುಡ್ಡಗಳ ಮೇಲೆ, ಯಾರೂ ನೀರೆರೆಯದೆ, ಸುಡುಬಿಸಿಲಿನಲ್ಲಿ ಕೆಂಪಗೆ ಗೊಂಚಲು ಬಿಡುವ ಗಿಡ ಅದು. ಉದ್ದನೆಯ ಸಪೂರ ನಳಿಕೆಯ ತಳದಲ್ಲಿ ಮಕರಂದ. ಅದನ್ನು ತಲುಪಲು ಚಿಟ್ಟೆಯಂಥ ಉದ್ದ ನಾಲಗೆಯೇ ಬೇಕು. ಹಣ್ಣು ಮಕ್ಕಳಿಗೂ ಹಕ್ಕಿಗಳಿಗೂ ಇಷ್ಟ. ಬೇಸಿಗೆಯ ತೋಟಕ್ಕೆ ಇಷ್ಟು ಒಪ್ಪುವ ಇನ್ನೊಂದು ಗಿಡವನ್ನು ಹುಡುಕಬೇಕು. ಆದರೂ ಅದರ ಕುಳ್ಳ ತಳಿಗಳನ್ನು ಕಾಂಪೌಂಡಿನ ಗೋಡೆಯುದ್ದಕ್ಕೂ ಸಾಲುನೆಟ್ಟು ಪೆಟ್ಟಿಗೆಯಾಕಾರಕ್ಕೆ ಕತ್ತರಿಸುವುದು ರೂಢಿಯಾಗಿದೆ. ತುದಿಯಲ್ಲಿ ಗೊಂಚಲು ಬಿಡುವ ಗಿಡದ ತುದಿಯನ್ನೇ ತಿಂಗಳಿಗೊಮ್ಮೆ ತೆಗೆದರೆ ಉಳಿಯುವುದೇನು? ಡಿಸೆಂಬರಿನಲ್ಲಿ ಮಲ್ಲಿಗೆಗೆ ಬೇಕಾದ ಕತ್ತರಿ ಇಲ್ಲಿ ಬೇಡವಾಗಿತ್ತು. ಕನಕಾಂಬರಕ್ಕೂ ಇಂಥದೇ ಅಲಕ್ಷ್ಯ. ದಂಡೆ ಕಟ್ಟಲು ಬೇಕು, ತೋಟದ ಮಾತಿನಲ್ಲಿ ಅದಕ್ಕೆ ಸ್ಥಾನವಿಲ್ಲ. ಒಣಗಿದ ಅದರ ಕಾಯಿಗೆ ಮೊದಲ ಮಳೆಹನಿ ತಗಲಿದಾಗ ಚಟಪಟ ಸಿಡಿದು ಬೀಜ ಎಗರುವುದನ್ನು ಮಕ್ಕಳಿಗೆ ತೋರಿಸಿದರೂ ಸಾಕು.

ಕೊಡುಕೊಳ್ಳುವ ಈ ಪದ್ಧತಿಯಲ್ಲಿ ಇನ್ನೊಂದು ದೋಷವಿದೆ, ಅದು ಕೊರತೆಗಿಂತ ಗಂಭೀರ. ಚೆನ್ನಾಗಿ ಹಬ್ಬುವ ಗಿಡವನ್ನು ಎಲ್ಲರೂ ಹೊಗಳುತ್ತಾರೆ, ಎಲ್ಲರೂ ಹಂಚುತ್ತಾರೆ. ಲಂಟಾನ ನಮ್ಮ ದೇಶಕ್ಕೆ ಬಂದಿದ್ದು ಹಾಗೆಯೇ. 19ನೇ ಶತಮಾನದ ಆರಂಭದಲ್ಲಿ ಕಲ್ಕತ್ತಾದ ಸಸ್ಯೋದ್ಯಾನಕ್ಕೆ ಬಂದ ಚೆಂದದ ಬಹುವಾರ್ಷಿಕ ಹೂಗಿಡ ಅದು, ಬೇಲಿಗೆ ಒಳ್ಳೆಯದೆಂದು ಊರೂರು ತಿರುಗಿತು. ಇಂದು ಬಂಡೀಪುರದಲ್ಲಿ, ಬಿಳಿಗಿರಿರಂಗನ ಬೆಟ್ಟದಲ್ಲಿ ಹುಲ್ಲು, ಎಳೆಗಿಡಗಳನ್ನು ಅದುಮಿ ಬೆಳೆದಿರುವುದು ಅದೇ. ಈಗ ಹಳದಿ ಹೂವಿನ ಸಿಂಗಪುರ ಡೈಸಿಯನ್ನು ಅದೇ ಉತ್ಸಾಹದಿಂದ ಹಂಚಲಾಗುತ್ತಿದೆ: "ನೀರೇ ಬೇಡ, ನೆಲ ಪೂರ್ತಿ ಮುಚ್ತದೆ." ಮುಚ್ಚುತ್ತದೆ ನಿಜ. ಗೆಣ್ಣುಗೆಣ್ಣಿಗೂ ಬೇರು ಬಿಡುವ ಆ ಬಳ್ಳಿ ತೋಟದ ಕಸದ ಜೊತೆ ಹೊರಬಿದ್ದರೆ ತೋಡಿನ ದಂಡೆ, ಗದ್ದೆಯ ಬದುಗಳನ್ನೂ ಮುಚ್ಚುತ್ತದೆ. ಜಗತ್ತಿನ ಅತ್ಯಂತ ಹಾನಿಕರ ನೂರು ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಲಂಟಾನದ ಜೊತೆ ಇದೂ ಇದೆ. ಸುಲಭವಾಗಿ ಬರುವುದನ್ನೇ ಗುಣವೆಂದು ಎಣಿಸುವ ನಮ್ಮ ಮೆಚ್ಚುಗೆಯ ಅಳತೆಗೋಲು ಇಲ್ಲಿ ತಪ್ಪಿದೆ. ಕಡ್ಡಿ ಕೇಳಿದವರಿಗೆ "ಇದು ಬೇಡಮ್ಮ, ಬೇಲಿ ದಾಟ್ತದೆ" ಎಂದು ಹೇಳುವ ಧೈರ್ಯವೂ ತೋಟಗಾರಿಕೆಯ ಭಾಗವಾಗಬೇಕು.

ಸತ್ತ ಗಿಡಗಳ ಬಗ್ಗೆಯೂ ಯಾರೂ ಮಾತಾಡುವುದಿಲ್ಲ. ದಾಸವಾಳಕ್ಕೆ ಬೇಸಿಗೆಯಲ್ಲಿ ಹತ್ತುವ ಹಿಟ್ಟು ತಿಗಣೆ, ಅದನ್ನು ಸಾಗಿಸುವ ಇರುವೆಗಳ ಸಾಲು, ಸಾಬೂನು ನೀರಿಗೆ ಬೇವಿನೆಣ್ಣೆ ಬೆರೆಸಿ ಎಲೆಯ ಅಡಿಭಾಗಕ್ಕೆ ಹೊಡೆಯುವ ಕೆಲಸ, ಹೊಡೆದೂ ಉಳಿಯದ ಗಿಡ, ಇವೆಲ್ಲ ಹೂವಿನಷ್ಟೇ ಹಂಚಿಕೊಳ್ಳಬೇಕಾದ ಸುದ್ದಿ.

ಲಾಲ್‌ಬಾಗಿನ ವರ್ಷದ ಎರಡು ಪ್ರದರ್ಶನಗಳ ಜೊತೆಗೆ ಮೇ ತಿಂಗಳಲ್ಲಿ, ಮೊದಲ ಅಡ್ಡಮಳೆಗೆ ಮೇ ಹೂವಿನ ಕೆಂಪು ಚೆಂಡುಗಳು ನೆಲ ಸೀಳಿಕೊಂಡು ಬರುವ ವಾರದಲ್ಲಿ, ಇನ್ನೊಂದು ನಡೆಯಲಿ ಎಂಬುದು ನನ್ನ ಆಸೆ. ಕುಂಡ ಹೊತ್ತು ತರುವುದು ಬೇಡ. ನೋಡುವವರೇ ಮನೆಗಳ ಹಿತ್ತಲಿಗೆ ಹೋಗಲಿ. ಐದು ವರ್ಷಕ್ಕೆ ಮೇಲ್ಪಟ್ಟು ಒಂದೇ ನೆಲದಲ್ಲಿರುವ ಗಿಡಗಳನ್ನಷ್ಟೇ ನೋಡಲಿ. ಯಾವಾಗ ಸವರಿದಿರಿ, ಎಷ್ಟು ದಿನ ನೀರು ನಿಲ್ಲಿಸಿದಿರಿ, ಯಾವ ನೀರು ಕೊಟ್ಟಿರಿ ಎಂದು ಕೇಳಲಿ. ಮನೆಯವರು ಹೇಳಿದ್ದನ್ನು ಹೂವಿನ ಪಕ್ಕದಲ್ಲೇ ಬರೆದು ತೂಗುಹಾಕಲಿ. ಮೃಗಶಿರ ಮಳೆ ಹಿಡಿಯುವ ಹೊತ್ತಿಗೆ ಕಡ್ಡಿ ಕೇಳಲು ಬರುವವರು ಆ ಚೀಟಿಯನ್ನೂ ಬರೆದುಕೊಂಡು ಹೋಗಬಹುದು.