ಅಂಕಗಳ ಪ್ರಾಮಾಣ್ಯ

ಪಠ್ಯಕ್ರಮದ ಪರಿಷ್ಕರಣವನ್ನೂ ಉತ್ತರಪತ್ರಿಕೆಗಳ ಮೌಲ್ಯಮಾಪನವನ್ನೂ ಬೇರೆ ಬೇರೆ ವಿಷಯಗಳೆಂದು ಭಾವಿಸುವುದು ನಮ್ಮ ಶಿಕ್ಷಣಚರ್ಚೆಗಳಲ್ಲಿ ರೂಢಿಯಾಗಿದೆ. ಒಂದನ್ನು ಪಂಡಿತರ ಸಮಿತಿಗೂ ಇನ್ನೊಂದನ್ನು ಪರೀಕ್ಷಾ ಮಂಡಳಿಗೂ ಒಪ್ಪಿಸಿ ನಾವು ನಿಶ್ಚಿಂತರಾಗುತ್ತೇವೆ. ಆದರೆ ವಿದ್ಯಾರ್ಥಿಯ ಕೈಗೆ ಬರುವ ಅಂಕಪಟ್ಟಿಯಲ್ಲಿ ಇವೆರಡೂ ಬೆರೆತು ಒಂದೇ ಸಂಖ್ಯೆಯಾಗಿ ನಿಲ್ಲುತ್ತವೆ. ಆ ಸಂಖ್ಯೆ ಎಷ್ಟರಮಟ್ಟಿಗೆ ವಿಶ್ವಾಸಾರ್ಹವೆಂಬುದೇ ಇಲ್ಲಿ ವಿಚಾರಣೀಯವಾದ ಅಂಶ.

ಮಹಾರಾಷ್ಟ್ರದ ಅನುಭವವನ್ನೇ ತೆಗೆದುಕೊಳ್ಳೋಣ. 2018-19ರಲ್ಲಿ ಹತ್ತನೆಯ ಇಯತ್ತೆಗೆ ಹೊಸ ಪಠ್ಯಪುಸ್ತಕಗಳು ಬಂದವು. ಅದೇ ವರ್ಷ ಭಾಷೆ ಮತ್ತು ಸಮಾಜವಿಜ್ಞಾನಗಳಲ್ಲಿ ಶಾಲೆಗಳೇ ಕೊಡುತ್ತಿದ್ದ ಆಂತರಿಕ ಅಂಕಗಳು ರದ್ದಾದವು. ಭಾಷೆಯ ಲಿಖಿತ ಪರೀಕ್ಷೆ 80ರಿಂದ 100 ಅಂಕಗಳಿಗೆ ಏರಿತು. 2018ರಲ್ಲಿ ಶೇ. 89.41 ಇದ್ದ ಫಲಿತಾಂಶ 2019ರಲ್ಲಿ ಶೇ. 77.10ಕ್ಕೆ ಇಳಿಯಿತು. ಕಾಲೇಜು ಪ್ರವೇಶದಲ್ಲಿ ರಾಜ್ಯದ ಮಕ್ಕಳು ಕೇಂದ್ರೀಯ ಮಂಡಳಿಗಳ ಮಕ್ಕಳಿಗಿಂತ ಹಿಂದೆ ಬೀಳುವರೆಂಬ ಕೂಗೆದ್ದು, ಆಂತರಿಕ ಅಂಕಗಳು ಮರಳಿ ಬಂದವು. 2020ರಲ್ಲಿ ಫಲಿತಾಂಶ ಶೇ. 95.30, ಆ ವರ್ಷ ಕೊರೋನಾ ನಿಮಿತ್ತ ಭೂಗೋಳದ ಪತ್ರಿಕೆ ನಡೆಯಲೇ ಇಲ್ಲ. ಲಿಖಿತ ಪರೀಕ್ಷೆಯೇ ರದ್ದಾದ 2021ರಲ್ಲಂತೂ ಅದು ಶೇ. 99.95 ಆಯಿತು.

ಈ ಏರಿಳಿತಕ್ಕೆ ಮಕ್ಕಳ ಬುದ್ಧಿಯ ಏರಿಳಿತವೇ ಕಾರಣವೆಂದು ಯಾರೂ ಹೇಳಲಾರರು. ಹಿಂದಿನ ಅಂಕಗಳೆಲ್ಲ ಭಿಕ್ಷೆಯೆಂದು ಒಂದು ಪಕ್ಷವೂ, ಹೊಸ ಪತ್ರಿಕೆಗಳು ಕ್ರೂರವೆಂದು ಇನ್ನೊಂದು ಪಕ್ಷವೂ ವಾದಿಸಿದವು. ಎರಡಕ್ಕೂ ಆಧಾರ ಸಾಲದು. ಏಕೆಂದರೆ ಕಲಿಸುವ ವಸ್ತುವೂ ಅಳೆಯುವ ಕೋಲೂ ಒಂದೇ ವರ್ಷ ಬದಲಾಗಿದ್ದವು. ಸರಕನ್ನೂ ಲೆಕ್ಕ ಬರೆಯುವ ಕ್ರಮವನ್ನೂ ಒಟ್ಟಿಗೆ ಬದಲಿಸಿದ ಅಂಗಡಿಯ ಲಾಭನಷ್ಟವನ್ನು ಹಿಂದಿನ ವರ್ಷದೊಡನೆ ನೇರವಾಗಿ ಹೋಲಿಸಲು ಯಾವ ಲೆಕ್ಕಪರಿಶೋಧಕನೂ ಒಪ್ಪನು.

ಮೌಖಿಕ ಪರೀಕ್ಷೆಯನ್ನು ತೆಗೆದುಹಾಕಿದ್ದೂ ಸರಿಯಾದ ಚಿಕಿತ್ಸೆಯಲ್ಲ. ಭಾಷೆಯೆಂದರೆ ಬರೆವಣಿಗೆ ಮಾತ್ರವಲ್ಲ. ಆಡುವುದೂ ಆಲಿಸುವುದೂ ಅದರ ಅಂಗಗಳೇ. ಶಾಲೆಗಳು ಉದಾರವಾಗಿ ಅಂಕ ಹಂಚಿದ್ದು ದೋಷವೆಂದಾದರೆ, ಹಂಚಿಕೆಯನ್ನು ಪರಿಶೀಲಿಸುವವರು ಇಲ್ಲದುದೇ ಅದರ ಮೂಲ. ತನಿಖೆಯಿಲ್ಲದ ಖಾತೆಯನ್ನು ಮುಚ್ಚಿದೊಡನೆ ಪ್ರಾಮಾಣಿಕತೆ ಹುಟ್ಟುವುದಿಲ್ಲ.

ಇನ್ನು ಲಿಖಿತ ಪರೀಕ್ಷೆಯ ಅಂಕವಾದರೂ ನಿಶ್ಚಲವೇ? ಢಾಕಾ ವಿಶ್ವವಿದ್ಯಾನಿಲಯದ ಪ್ರಥಮ ಕುಲಪತಿಯಾಗಿದ್ದ ಫಿಲಿಪ್ ಹಾರ್ಟಾಗ್ ಅವರು ಇ. ಸಿ. ರೋಡ್ಸ್ ಅವರೊಡನೆ 1935ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟಿಸಿದ ಶೋಧನೆ ಇಂದಿಗೂ ಮನನೀಯವಾಗಿದೆ. ಮೊದಲು ಸಮಾನ ಅಂಕ ಪಡೆದಿದ್ದ ಇತಿಹಾಸದ 15 ಉತ್ತರಪತ್ರಿಕೆಗಳನ್ನು 15 ಪರೀಕ್ಷಕರಿಗೆ ಒಪ್ಪಿಸಿದಾಗ 40ಕ್ಕೂ ಹೆಚ್ಚು ಬಗೆಯ ಅಂಕಗಳು ಬಂದವು. 12ರಿಂದ 19 ತಿಂಗಳ ಬಳಿಕ ಅವರಲ್ಲಿ 14 ಮಂದಿ ಅವೇ ಪತ್ರಿಕೆಗಳನ್ನು ಮತ್ತೆ ನೋಡಿದಾಗ, 210 ತೀರ್ಪುಗಳಲ್ಲಿ 92 ಬದಲಾದವು. ಪರೀಕ್ಷಕರು ಪರಸ್ಪರ ಒಮ್ಮತರಲ್ಲದುದು ಮಾತ್ರವಲ್ಲ, ತಮ್ಮೊಡನೆ ತಾವೇ ಒಮ್ಮತರಾಗಿರಲಿಲ್ಲ. ಅಂಕಗಳಿಗೆ ಬದಲಾಗಿ ಶ್ರೇಣಿಗಳನ್ನು ಬಳಸಬೇಕೆಂದು 1953ರಲ್ಲೇ ಮುದಲಿಯಾರ್ ಆಯೋಗ ಸೂಚಿಸಿದುದರ ಔಚಿತ್ಯ ಇದರಿಂದ ತಿಳಿಯುತ್ತದೆ.

ತಾಯ್ನಾಡಿನ ಸ್ಥಿತಿಯೂ ಭಿನ್ನವಲ್ಲ. ಕರ್ನಾಟಕದಲ್ಲಿ 2024ರ ಎಸ್.ಎಸ್.ಎಲ್.ಸಿ. ಪರೀಕ್ಷೆ ವೆಬ್‌ಕಾಸ್ಟಿಂಗ್ ಕಣ್ಗಾವಲಿನಲ್ಲಿ ನಡೆಯಿತು. ನಕಲು ತಡೆಯುವ ಈ ಕ್ರಮ ಶ್ಲಾಘ್ಯವೇ ಸರಿ. ಆದರೆ ಫಲಿತಾಂಶ ಕುಸಿಯುವುದನ್ನು ಕಂಡು ಕೃಪಾಂಕದ ಪ್ರಮಾಣವನ್ನು ಶೇ. 10ರಿಂದ 20ಕ್ಕೆ ಏರಿಸಲಾಯಿತು. ಅದಕ್ಕೆ ಬೇಕಾದ ಅರ್ಹತೆಯನ್ನು ಶೇ. 35ರಿಂದ 25ಕ್ಕೆ ಇಳಿಸಲಾಯಿತು. ಹಾಗಿದ್ದೂ ಹಿಂದಿನ ವರ್ಷ ಶೇ. 83.89 ಇದ್ದ ಫಲಿತಾಂಶ ಶೇ. 73.40ಕ್ಕೆ ನಿಂತಿತು. ಒಂದು ಕೈ ಬಿಗಿದ ಗಂಟನ್ನು ಇನ್ನೊಂದು ಕೈ ಸಡಿಲಿಸಿತು. ಮಗುವಿನ ನಿಜವಾದ ಕಲಿಕೆ ಎಷ್ಟೆಂಬುದು ಮಾತ್ರ ಮತ್ತೆ ಮರೆಯಾಯಿತು.

ಹೊರನಾಡಿನ ನಮಗೆ ಈ ವಿಚಾರ ಇನ್ನಷ್ಟು ಹತ್ತಿರದ್ದು. 1967ರಲ್ಲಿ ಸ್ಥಾಪಿತವಾದ ಬಾಲಭಾರತಿ ಸಂಸ್ಥೆ ಕನ್ನಡದಲ್ಲಿಯೂ ಪಠ್ಯಪುಸ್ತಕಗಳನ್ನು ಪ್ರಕಟಿಸುತ್ತದೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಮುಂಬಯಿಗಳ ಕನ್ನಡ ಮಾಧ್ಯಮದ ಮಕ್ಕಳಿಗೆ ಅವೇ ಆಧಾರ. ಇಂಥ ಚಿಕ್ಕ ಸಮುದಾಯದಲ್ಲಿ ಒಬ್ಬ ಪರೀಕ್ಷಕನ ಬಿಗಿಯಾಗಲಿ ಸಡಿಲವಾಗಲಿ ಹೆಚ್ಚು ತೂಗುತ್ತದೆ. ಪ್ರಶ್ನೆಯ ಅನುವಾದ ತೊಡಕಾದರೆ, ಪರೀಕ್ಷೆಗೆ ಗುರಿಯಾಗುವುದು ಅನುವಾದಕನ ಕನ್ನಡ. ಅಂಕ ಕಳೆದುಕೊಳ್ಳುವುದು ಮಗು.

ಆದುದರಿಂದ ಮೂರು ಸುಧಾರಣೆಗಳು ಅವಶ್ಯ. ಪಠ್ಯಕ್ರಮ ಬದಲಾದ ವರ್ಷ ಅಂಕಗಳ ಹಂಚಿಕೆಯನ್ನು ಬದಲಿಸಕೂಡದು. ಪ್ರತಿ ವಿಷಯದಲ್ಲಿಯೂ, ಪ್ರತಿ ಮಾಧ್ಯಮದಲ್ಲಿಯೂ, ಕೆಲವು ಪತ್ರಿಕೆಗಳನ್ನು ಮೊದಲ ಅಂಕ ಕಾಣದಂತೆ ಎರಡನೆಯ ಪರೀಕ್ಷಕನಿಗೆ ಕೊಟ್ಟು, ಕಂಡುಬಂದ ಅಂತರವನ್ನು ಫಲಿತಾಂಶದೊಡನೆಯೇ ಪ್ರಕಟಿಸಬೇಕು. ಆಂತರಿಕ ಅಂಕಗಳಿಗೂ ಇಂಥದೇ ತನಿಖೆ ಇರಬೇಕು. ಇದಕ್ಕೆ ವೆಚ್ಚವೂ ಕಾಲವೂ ತಗಲುವುದು ನಿಜ. ಆದರೆ ಬ್ಯಾಂಕಿನಲ್ಲಿ ನೂರು ರೂಪಾಯಿಯ ಚೀಟಿಗೂ ಎರಡನೆಯ ಸಹಿ ಬೇಕೆನ್ನುವ ನಾವು, ಹದಿನೈದು ವರ್ಷದ ಮಗುವಿನ ಮುಂದಿನ ದಾರಿಯನ್ನು ಒಂದೇ ಕೈಯ ಬರೆಹಕ್ಕೆ ಬಿಟ್ಟುಕೊಡುವುದು ನ್ಯಾಯವಲ್ಲ.